ರಿವರ್ಸ್ ಟನಲ್ 'ಆಕ್ಟಿವ್' ಅಂದರೆ ನಂಬಬೇಡಿ

ಮಂಡ್ಯದ ಹತ್ತಿರ ಒಂದು ವೇಬ್ರಿಡ್ಜ್. ಕಬ್ಬಿನ ಗಾಡಿಗಳು ಸಾಲುಗಟ್ಟಿ ನಿಂತಿವೆ, ತೂಕದ ಚೀಟಿ ಪ್ರಿಂಟ್ ಆಗುತ್ತಿಲ್ಲ. ಮೈಸೂರಿನಿಂದ ಒಂದು ಕಮಾಂಡ್ ಕೊಟ್ಟರೆ ಸರಿಹೋಗುವ ಕೆಲಸ. ಅದಕ್ಕೆಂದೇ ಇರುವುದು ರಿವರ್ಸ್ ಟನಲ್: ತೂಕದ ಕಂಪ್ಯೂಟರ್ ತಾನೇ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ಪ್ರೋಗ್ರಾಂ) ಮೂಲಕ ಒಂದು ಬಾಡಿಗೆ ಸರ್ವರ್‌ಗೆ ಕನೆಕ್ಟ್ ಆಗಿ ಅಲ್ಲಿ ಪೋರ್ಟ್ 2222 ತೆರೆದಿಡುತ್ತದೆ, ನಾವು ಆ ಪೋರ್ಟ್ ಮೂಲಕ ಅದರೊಳಗೆ ಹೋಗುತ್ತೇವೆ. ಆದರೆ ಎಸ್‌ಎಸ್‌ಎಚ್ ಟನಲ್ ಸಿಗುತ್ತಿಲ್ಲ. ಅಲ್ಲಿ ಸ್ಕ್ರೀನ್ ಮೇಲೆ ನೋಡಿದರೆ ಸಿಸ್ಟಮ್‌ಡಿಯ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಓಡಿಸುವ ವ್ಯವಸ್ಥೆ) ಹಸಿರು ಚುಕ್ಕೆ, 'ಆಕ್ಟಿವ್, ರನ್ನಿಂಗ್'. ಕೊನೆಗೆ ಬೈಕ್ ಹತ್ತಿ ಹೋಗಿ ಸರ್ವಿಸ್ ರೀಸ್ಟಾರ್ಟ್ ಮಾಡಬೇಕಾಯಿತು.

ಆಗಿದ್ದಿಷ್ಟು: ಕರೆಂಟ್ ಹೋಗಿ ಇಂಟರ್ನೆಟ್ ಡಾಂಗಲ್ ಆಫ್ ಆಯಿತು. ಹಳೆಯ ಕನೆಕ್ಷನ್ ಸತ್ತದ್ದು ಬಾಡಿಗೆ ಸರ್ವರ್‌ಗೆ ತಿಳಿಯಲೇ ಇಲ್ಲ. ಯಾರೂ ಮುಟ್ಟದಿದ್ದರೆ ಲಿನಕ್ಸ್ ಅದನ್ನು ಎರಡು ಗಂಟೆಗೂ ಹೆಚ್ಚು ಜೀವಂತ ಅಂತಲೇ ಇಟ್ಟುಕೊಂಡಿರುತ್ತದೆ, ಪೋರ್ಟ್ 2222 ಅದರ ಕೈಯಲ್ಲೇ. ಡಾಂಗಲ್ ಬಂದ ಮೇಲೆ ಹೊಸ ಎಸ್‌ಎಸ್‌ಎಚ್ ಲಾಗಿನ್ ಏನೋ ಆಯಿತು, ಪೋರ್ಟ್ ಸಿಗಲಿಲ್ಲ. ಲಾಗ್‌ನಲ್ಲಿ ಒಂದು ವಾರ್ನಿಂಗ್ ಸಾಲು ಬರೆದು ಸುಮ್ಮನೆ ಕೂತಿತು. ಆಮೇಲೆ ಹಳೆಯದು ಸತ್ತರೂ ಇದು ಮತ್ತೆ ಪೋರ್ಟ್ ಕೇಳುವುದಿಲ್ಲ. ಎಷ್ಟು ಕಾದರೂ ಅಷ್ಟೇ.

ಗುರುತು ಹಿಡಿಯುವುದು ಸುಲಭ. ಸರ್ವರ್‌ನಿಂದ 2222ಕ್ಕೆ ಹೋದಾಗ ಕರ್ಸರ್ ಸುಮ್ಮನೆ ಮಿನುಗುತ್ತಿದ್ದರೆ ಹಳೆಯ ಸೆಷನ್ ಪೋರ್ಟ್ ಹಿಡಿದಿದೆ. 'ಕನೆಕ್ಷನ್ ರಿಫ್ಯೂಸ್ಡ್' ಬಂದರೆ ಅಲ್ಲಿ ಯಾರೂ ಕೇಳಿಸಿಕೊಳ್ಳುತ್ತಿಲ್ಲ.

ಸರ್ವರ್‌ನ ಎಸ್‌ಎಸ್‌ಎಚ್‌ಡಿ (ಲಾಗಿನ್‌ಗಳನ್ನು ಸ್ವೀಕರಿಸುವ ಪ್ರೋಗ್ರಾಂ) ಕಾನ್ಫಿಗ್‌ನಲ್ಲಿ ಕ್ಲೈಂಟ್‌ಅಲೈವ್‌ಇಂಟರ್ವಲ್ 30, ಕ್ಲೈಂಟ್‌ಅಲೈವ್‌ಕೌಂಟ್‌ಮ್ಯಾಕ್ಸ್ 3 ಹಾಕಿ: 30 ಸೆಕೆಂಡಿಗೊಮ್ಮೆ ಕೇಳಿ ನೋಡುತ್ತದೆ, ಮೂರು ಸಲ ಉತ್ತರ ಬರದಿದ್ದರೆ ಸೆಷನ್ ಮುಚ್ಚುತ್ತದೆ. ಸುಮಾರು 90 ಸೆಕೆಂಡಿನಲ್ಲಿ ಸತ್ತ ಸೆಷನ್ ಪೋರ್ಟ್ ಬಿಡುತ್ತದೆ. ತೂಕದ ಕಂಪ್ಯೂಟರ್ ಕಡೆ ಸರ್ವರ್‌ಅಲೈವ್‌ಇಂಟರ್ವಲ್ 30, ಜೊತೆಗೆ ಎಕ್ಸಿಟ್‌ಆನ್‌ಫಾರ್ವರ್ಡ್‌ಫೇಲ್ಯೂರ್ ಯೆಸ್, ಅಂದರೆ ಪೋರ್ಟ್ ಸಿಗದಿದ್ದರೆ ಎಸ್‌ಎಸ್‌ಎಚ್ ಸುಮ್ಮನೆ ಕೂರದೆ ನಿಂತುಬಿಡುತ್ತದೆ. ಆದರೆ ಇದೊಂದನ್ನೇ ಹಾಕಿ ಬಿಟ್ಟರೆ ಕಷ್ಟ. ಸಿಸ್ಟಮ್‌ಡಿ ಡಿಫಾಲ್ಟ್ ಆಗಿ 10 ಸೆಕೆಂಡಿನಲ್ಲಿ 5 ಸಲ ಸ್ಟಾರ್ಟ್ ಮಾಡಿ ನೋಡಿ ಕೈಬಿಡುತ್ತದೆ, ಪೋರ್ಟ್ ಬಿಡುಗಡೆಯಾಗಲು ಬೇಕಿರುವುದು 90. ಆದ್ದರಿಂದ ರೀಸ್ಟಾರ್ಟ್ ಆಲ್‌ವೇಸ್, ರೀಸ್ಟಾರ್ಟ್‌ಸೆಕ್ 15, ಯೂನಿಟ್ ವಿಭಾಗದಲ್ಲಿ ಸ್ಟಾರ್ಟ್‌ಲಿಮಿಟ್‌ಇಂಟರ್ವಲ್‌ಸೆಕ್ 0, ಮೂರೂ ಇರಲಿ. ಆಟೋಎಸ್‌ಎಸ್‌ಎಚ್ (ಎಸ್‌ಎಸ್‌ಎಚ್ ಬಿದ್ದಾಗ ಮತ್ತೆ ಎಬ್ಬಿಸುವ ಪ್ರೋಗ್ರಾಂ) ಬಳಸುವವರು ಗೇಟ್‌ಟೈಮ್ 0 ಮಾಡಿ. ಇಲ್ಲದಿದ್ದರೆ ಮೊದಲ ಪ್ರಯತ್ನ 30 ಸೆಕೆಂಡ್ ನಿಲ್ಲದೆ ಬಿದ್ದರೆ ಅದೂ ಹೊರಟುಹೋಗುತ್ತದೆ.

ಸುಲಭವಾಗಲಿ ಅಂತ ಸರ್ವರ್‌ನಲ್ಲಿ ಗೇಟ್‌ವೇಪೋರ್ಟ್ಸ್ ಯೆಸ್ ಮಾಡಿ ಪೋರ್ಟನ್ನು ಹೊರಗಿನಿಂದಲೂ ಸಿಗುವಂತೆ ಮಾಡುವವರನ್ನು ನೋಡಿದ್ದೇವೆ. ದಯವಿಟ್ಟು ಬೇಡ. ತೂಕದ ಕಂಪ್ಯೂಟರ್‌ನ ಲಾಗಿನ್ ಇಡೀ ಇಂಟರ್ನೆಟ್‌ಗೆ ತೆರೆದುಕೊಳ್ಳುತ್ತದೆ. ಪೋರ್ಟ್ 127.0.0.1ರಲ್ಲೇ (ಸರ್ವರ್ ಒಳಗಿನಿಂದ ಮಾತ್ರ ಸಿಗುವ ವಿಳಾಸ) ಇರಲಿ, ಮೊದಲು ಸರ್ವರ್‌ಗೆ ಲಾಗಿನ್ ಆಗಿ ಅಲ್ಲಿಂದ ಜಂಪ್ ಮಾಡಿ ಹೋಗಿ. ಟನಲ್‌ಗೆ ಬೇರೆಯೇ ಕೀ ಇಟ್ಟು, ಸರ್ವರ್‌ನ ಆಥರೈಸ್ಡ್ ಕೀಸ್ ಫೈಲ್‌ನಲ್ಲಿ (ಯಾವ ಕೀಗೆ ಪ್ರವೇಶ ಅನ್ನುವ ಪಟ್ಟಿ) ಅದಕ್ಕೆ ರಿಸ್ಟ್ರಿಕ್ಟ್, ಪೋರ್ಟ್ ಫಾರ್ವರ್ಡಿಂಗ್, ಪರ್ಮಿಟ್‌ಲಿಸನ್ 2222 ಸೇರಿಸಿ.

ಸರ್ವಿಸ್ ಸ್ಟಾಪ್ ಮಾಡಿ ಸ್ಟಾರ್ಟ್ ಮಾಡಿದರೆ ಪರೀಕ್ಷೆ ಆದಂತಲ್ಲ, ಆಗ ಕನೆಕ್ಷನ್ ಹೇಳಿಯೇ ಮುಚ್ಚುತ್ತದೆ. ಅಲ್ಲಿಂದ ಹೊರಡುವ ಮೊದಲು ಓಡುತ್ತಿರುವಾಗಲೇ ಡಾಂಗಲ್ ಕಿತ್ತು, ಒಂದು ನಿಮಿಷ ಬಿಟ್ಟು ಚುಚ್ಚಿ. ಇನ್ನೆರಡು ನಿಮಿಷ ಕಳೆದು ಫೋನಿನ ಡೇಟಾದಿಂದ ಸರ್ವರ್ ಮೂಲಕವೇ ಅದೇ ಕಂಪ್ಯೂಟರ್‌ಗೆ ಲಾಗಿನ್ ಆಗಿ ನೋಡಿ.