ಅಪ್ಪನ ಕೈಗೆ ಕಟ್ಟಿದ ಸ್ಮಾರ್ಟ್‌ವಾಚ್: ಎರಡು ವರ್ಷದ ಬಳಕೆ

ಮೊದಲೇ ಹೇಳಿಬಿಡುತ್ತೇನೆ. ಅಪ್ಪನಿಗೆ ಪಾರ್ಕಿನ್ಸನ್, ಅಂದರೆ ಕೈ ನಡುಗಿ ಮೈ ಬಿಗಿಯಾಗುವ ಮಿದುಳಿನ ಕಾಯಿಲೆ. ಅವರ ಕೈ ನಡುಕ ಅಳೆಯಲಿ ಅಂತ ಈ ವಾಚ್ ಕೊಂಡೆ. ಆ ಕೆಲಸ ಇದರಿಂದ ಆಗಲಿಲ್ಲ. ಆದರೂ ಎರಡು ವರ್ಷದಿಂದ ಅಪ್ಪನ ಕೈಯಲ್ಲೇ ಇದೆ.

ಅಪ್ಪ ಬಳ್ಳಾರಿಯ ಜೀನ್ಸ್ ಕಾರ್ಖಾನೆಯೊಂದರಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವರು. ಪಾರ್ಕಿನ್ಸನ್ ಶುರುವಾದದ್ದು ಬಲಗೈಯಿಂದ. ಕತ್ತರಿ ಹಿಡಿದಾಗ ಕೈ ಸರಿಯಾಗೇ ಇರುತ್ತಿತ್ತು, ಟಿವಿ ಮುಂದೆ ಸುಮ್ನೆ ಕೂತಾಗ ನಡುಗುತ್ತಿತ್ತು. ಟೆನ್ಷನ್ ಇರಬೇಕು ಅಂದುಕೊಂಡೆವು. ಈ ಕಾಯಿಲೆಯ ನಡುಕವೇ ಹಾಗೆ, ಕೈಗೆ ಕೆಲಸ ಇಲ್ಲದಾಗಲೇ ಜಾಸ್ತಿ ಅಂತ ಆಮೇಲೆ ಗೊತ್ತಾಯಿತು.

ತೋರಿಸುವುದು ಬೆಂಗಳೂರಿನಲ್ಲಿ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೋಗಿ, ಬೆಳಗಿನ ಗುಳಿಗೆ ನುಂಗಿ ಡಾಕ್ಟರ್ ಎದುರು ಕೂತರೆ ಅಪ್ಪ ಗಟ್ಟಿಮುಟ್ಟು! ಮನೆಯಲ್ಲಿ ಮಧ್ಯಾಹ್ನ ಕುರ್ಚಿಯಿಂದ ಏಳಲಾರದೆ ಒದ್ದಾಡುವ ಅಪ್ಪನನ್ನು ಡಾಕ್ಟರ್ ನೋಡೇ ಇರಲಿಲ್ಲ. ಅದಕ್ಕೇ ವಾಚ್.

ಅಂಗಡಿಯವನು "ಎಲ್ಲಾ ಅಳೆಯುತ್ತೆ ಸರ್" ಅಂದ. ನಾಲ್ಕು ಸಾವಿರ ಕೊಟ್ಟೆ. ಅಳೆಯುವುದು ಹೆಜ್ಜೆ, ನಿದ್ದೆ, ಎದೆಬಡಿತ ಅಷ್ಟೇ. ನಡುಕ ಅಳೆಯುವ ಆ್ಯಪ್‌ಗಳು ಇವೆ, ಸುಳ್ಳಲ್ಲ. ಆ್ಯಪಲ್ ವಾಚ್‌ನಲ್ಲಿ ನಡೆಯುವ ಸ್ಟ್ರೈವ್‌ಪಿಡಿ ಅನ್ನುವ ಆ್ಯಪ್‌ಗೆ 2022ರಲ್ಲಿ ಅಮೆರಿಕದ ಎಫ್‌ಡಿಎ (ಔಷಧ, ವೈದ್ಯಕೀಯ ಸಾಧನಗಳನ್ನು ಪರಿಶೀಲಿಸುವ ಸರ್ಕಾರಿ ಸಂಸ್ಥೆ) ಒಪ್ಪಿಗೆಯೂ ಸಿಕ್ಕಿದೆ. ಆದರೆ ಆ್ಯಪಲ್ ವಾಚ್‌ನ ಬೆಲೆ ನಮ್ಮ ಕೈಗೆಟುಕುವುದಲ್ಲ.

ಮೊದಲು ಬಲಗೈಗೇ ಕಟ್ಟಿದೆ. ಅಪ್ಪ ಕೂತಲ್ಲೇ ಕೂತು ಸಾವಿರ ಹೆಜ್ಜೆ ನಡೆದಿದ್ದರು! ನಡುಕವನ್ನೂ ಅದು ಹೆಜ್ಜೆ ಅಂತ ಎಣಿಸುತ್ತಿತ್ತು. ಅನುಮಾನ ಬಂದು ಅವ್ವನ ಕೈಗೆ ಕಟ್ಟಿ ನೋಡಿದೆ. ಜೋಳದ ರೊಟ್ಟಿ ಬಡಿಯುವಷ್ಟರಲ್ಲಿ ಅವ್ವನೂ ಅರ್ಧ ಕಿಲೋಮೀಟರ್ ನಡೆದಿದ್ದಳು. ಅಪ್ಪ ಕಾಲೆಳೆದುಕೊಂಡು ನಿಜವಾಗಿ ನಡೆದರೆ ಮಾತ್ರ ಲೆಕ್ಕವೇ ಇಲ್ಲ.

ಗುಳಿಗೆ ನೆನಪಿಸಲು ವಾಚ್ ಗುರ್ ಅನ್ನುತ್ತದೆ. ನಡುಗುವ ಕೈಗೆ ಅದು ಗೊತ್ತೇ ಆಗಲಿಲ್ಲ. ಎಡಗೈಗೆ ಬದಲಾಯಿಸಿದ ಮೇಲೆ ಅಪ್ಪ ಒಂದು ಹೊತ್ತೂ ತಪ್ಪಿಸಿಲ್ಲ. ಇಷ್ಟಕ್ಕೇ ದುಡ್ಡು ವಸೂಲಾಯಿತು ಅನ್ನಬಹುದು, ಆದರೆ ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ.

ಗುಳಿಗೆ ನುಂಗಿದ ಹೊತ್ತು ಫೋನಿನ ಆ್ಯಪ್‌ನಲ್ಲಿ ದಾಖಲಾಗುತ್ತದೆ. ಮೈ ಸಡಿಲವಾಗಿದ್ದರೆ ಹಸಿರು, ಬಿಗಿಯಾದರೆ ಕೆಂಪು ಒತ್ತಬೇಕು. ಆ್ಯಪ್ ಪೂರ್ತಿ ಇಂಗ್ಲಿಷ್, ಕನ್ನಡ ಇಲ್ಲ. ಅವ್ವ ಬಣ್ಣ ನೋಡಿ ಒತ್ತುತ್ತಾಳೆ. ಒಂದು ತಿಂಗಳಾದ ಮೇಲೆ ನೋಡಿದರೆ, ದಿನಾ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬರೀ ಕೆಂಪು. ಊಟ ಆದಮೇಲೆ ಮಲಗುತ್ತಾರೆ ಬಿಡು ಅಂತ ನಾವು ಸುಮ್ಮನಿದ್ದ ಹೊತ್ತು ಅದು.

ಫೋನಿನಲ್ಲೇ ಅದನ್ನು ಡಾಕ್ಟರಿಗೆ ತೋರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಮಧ್ಯಾಹ್ನದ ಗುಳಿಗೆ ಯಾವಾಗ ತಗೋತೀರಿ?" ಊಟದ ಜೊತೆಗೇ. ಬೇಳೆ, ಮೊಸರು, ಕಾಳಿನ ಪಲ್ಯ ಎಲ್ಲ ಇರುವ ಊಟ. ಗುಳಿಗೆಯಲ್ಲಿರುವ ಲೆವೊಡೋಪಾ ಅನ್ನುವ ಔಷಧ ಮಿದುಳಿಗೆ ಹೋಗಿ, ಮೈ ಸಲೀಸಾಗಿ ಆಡಲು ಬೇಕಾದ ಡೋಪಮೈನ್ ಅನ್ನುವ ರಾಸಾಯನಿಕ ಆಗಬೇಕು. ಊಟದ ಪ್ರೋಟೀನ್ ಕರುಳಿನಲ್ಲೇ ಅದಕ್ಕೆ ಅಡ್ಡ ಬರುತ್ತದಂತೆ. ಊಟಕ್ಕೆ ಅರ್ಧ ಗಂಟೆ ಮೊದಲೇ ನುಂಗಿ ಅಂದರು. ಡೋಸ್ ಹೆಚ್ಚಿಸಲಿಲ್ಲ. ಎರಡು ವಾರದಲ್ಲಿ ಮಧ್ಯಾಹ್ನದ ಕೆಂಪು ಅರ್ಧಕ್ಕರ್ಧ ಇಳಿಯಿತು. ನಮಗೆ ಹೀಗಾಯಿತು ಅಂತ ನೀವೇ ಹೊತ್ತು ಬದಲಾಯಿಸಬೇಡಿ, ನಿಮ್ಮ ಡಾಕ್ಟರನ್ನು ಕೇಳಿ.

ಇನ್ನು ತಕರಾರು. ಪಟ್ಟಿಯ ಬಕಲ್ ಹಾಕಲು ಅಪ್ಪನಿಗೆ ಆಗುತ್ತಲೇ ಇರಲಿಲ್ಲ. ಇನ್ನೂರು ರೂಪಾಯಿಗೆ ವೆಲ್ಕ್ರೋ ಪಟ್ಟಿ ತಂದೆ, ಈಗ ತಾವೇ ಕಟ್ಟಿಕೊಳ್ಳುತ್ತಾರೆ. ಬಳ್ಳಾರಿಯ ಏಪ್ರಿಲ್, ಮೇ ಬಿಸಿಲು ಗೊತ್ತಲ್ಲ, ಬೆವರಿಗೆ ಪಟ್ಟಿಯ ಕೆಳಗೆ ಗುಳ್ಳೆ ಏಳುತ್ತವೆ. ಮಧ್ಯಾಹ್ನ ಒಂದು ತಾಸು ಬಿಚ್ಚಿಡಲೇಬೇಕು. ಅಲಾರಂ ನಿಲ್ಲಿಸಲು ಪರದೆ ಮುಟ್ಟಿದರೆ ಇನ್ನೇನೋ ತೆರೆದುಕೊಳ್ಳುತ್ತದೆ. ಒಮ್ಮೆ ನಡುರಾತ್ರಿ ನನ್ನ ತಂಗಿಗೆ ತುರ್ತು ಕರೆ ಹೋಗಿ, ಅವಳು ಸಿಂಧನೂರಿನಿಂದ ಅಳುತ್ತಾ ಫೋನ್ ಮಾಡಿದಳು. ಅಪ್ಪ ಮಾತ್ರ ಗೊರಕೆ ಹೊಡೆಯುತ್ತಿದ್ದರು. ಆ ಸೌಲಭ್ಯವನ್ನು ಅವತ್ತೇ ಬಂದ್ ಮಾಡಿದೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಅದರಲ್ಲಿ ಒಂದು ಅವ್ವನ ಪಾಲು. ಬ್ಯಾಟರಿ ಈಗ ಒಂದೇ ದಿನ ಬರುತ್ತಿದೆ, ಹೊಸದು ನೋಡುತ್ತಿದ್ದೇನೆ. ಪಕ್ಕದಲ್ಲಿ ಒತ್ತುವ ಗುಂಡಿ ಇರುವ, ಅದರಿಂದಲೇ ಅಲಾರಂ ನಿಲ್ಲಿಸಬಹುದಾದ ವಾಚ್ ಯಾರಾದರೂ ಬಳಸುತ್ತಿದ್ದರೆ ಹೇಳಿ.