ಸಸೆಕ್ಸ್ ಅಥವಾ ವಾರಿಕ್: ಕ್ಯಾಂಪಸ್ ಬದುಕು ಎಲ್ಲಿ ಹೇಗೆ?

ಇಂಗ್ಲೆಂಡಿನ ಈ ಎರಡೂ ವಿಶ್ವವಿದ್ಯಾಲಯಗಳ ಕ್ಯಾಂಪಸ್‌ಗಳು ಊರಿನ ಹೊರವಲಯದಲ್ಲಿವೆ. ಸಸೆಕ್ಸ್ ಶುರುವಾದದ್ದು 1961ರಲ್ಲಿ, ವಾರಿಕ್ 1965ರಲ್ಲಿ. ವಯಸ್ಸು ಹೆಚ್ಚುಕಮ್ಮಿ ಒಂದೇ, ಓಡಾಟದ ಕಥೆ ಮಾತ್ರ ಬೇರೆ.

ಸಸೆಕ್ಸ್ ಇರುವುದು ಬ್ರೈಟನ್ ಪಕ್ಕದ ಫಾಲ್ಮರ್‌ನಲ್ಲಿ. ರೈಲ್ವೆ ಸ್ಟೇಷನ್ ಕ್ಯಾಂಪಸ್ಸಿಗೆ ಅಂಟಿಕೊಂಡೇ ಇದೆ. ಹತ್ತು ನಿಮಿಷದ ಆಸುಪಾಸಿನಲ್ಲಿ ಬ್ರೈಟನ್, ಅಲ್ಲಿಂದ ಇಳಿಜಾರಿನಲ್ಲಿ ನಡೆದರೆ ಸಮುದ್ರ. ಕ್ಲಾಸ್ ಮುಗಿಸಿ ಸುಮ್ನೆ ಹೋಗಿಬರಬಹುದು. ಒಂದೇ ತಾಪತ್ರಯ: ಸ್ಟೇಷನ್ನಿನ ಇನ್ನೊಂದು ಮಗ್ಗುಲಲ್ಲಿ ಬ್ರೈಟನ್ ಫುಟ್‌ಬಾಲ್ ತಂಡದ ಸ್ಟೇಡಿಯಂ ಇದೆ. ಪಂದ್ಯದ ದಿನ ಪ್ಲಾಟ್‌ಫಾರ್ಮ್ ತುಂಬ ನೀಲಿ-ಬಿಳಿ ಜರ್ಸಿ. ಪಂದ್ಯ ಮುಗಿಯುವ ಹೊತ್ತಿಗೆ ಲೈಬ್ರರಿಯಿಂದ ಹೊರಟರೆ ಕ್ಯೂ ಗ್ಯಾರಂಟಿ.

ವಾರಿಕ್ ಇರುವುದು ವಾರಿಕ್ ಪಟ್ಟಣದಲ್ಲಲ್ಲ, ಕೊವೆಂಟ್ರಿಯ ಅಂಚಿನಲ್ಲಿ. ಕ್ಯಾಂಪಸ್ಸಿನಲ್ಲಿ ಸ್ಟೇಷನ್ ಇಲ್ಲ, ಹೆಚ್ಚಿನವರಿಗೆ ಬಸ್ಸೇ ಗತಿ. ಆದರೆ ಹೊರಗೆ ಹೋಗುವ ಅಗತ್ಯವೂ ಕಡಿಮೆ ಅನ್ನಿ. ನಾಟಕ, ಸಂಗೀತ, ಸಿನಿಮಾ ಎಲ್ಲ ಅಲ್ಲೇ ಆರ್ಟ್ಸ್ ಸೆಂಟರಿನಲ್ಲಿ ಸಿಗುತ್ತವೆ. ಮೊದಲ ವರ್ಷ ಕಳೆದ ಮೇಲೆ ಬಹಳ ಜನ ಹತ್ತಿರದ ಲೆಮಿಂಗ್ಟನ್ ಸ್ಪಾ ಪಟ್ಟಣದಲ್ಲಿ ಮನೆ ಹಿಡಿಯುತ್ತಾರೆ. ಆಗ ಶುರು ನೋಡಿ ಬಸ್ಸಿನ ಪಾಡು! ಬೆಳಗಿನ ಕ್ಲಾಸಿದ್ದರೆ ಬೇಗ ಏಳಲೇಬೇಕು.

ಪೇಟೆಯ ಹುಚ್ಚು ಜಾಸ್ತಿ ಇದ್ದವರಿಗೆ ನಾನು ಸಸೆಕ್ಸ್ ಅನ್ನುತ್ತೇನೆ. ಆದರೆ ಬ್ರೈಟನ್‌ನಲ್ಲಿ ಬಾಡಿಗೆ ಕೊವೆಂಟ್ರಿಗಿಂತ ದುಬಾರಿ. ಲಂಡನ್ ಎಷ್ಟು ದೂರ ಅಂತ ನೋಡಿ ತೀರ್ಮಾನಿಸಬೇಡಿ, ಬ್ರೈಟನ್‌ನಿಂದಲೂ ಕೊವೆಂಟ್ರಿಯಿಂದಲೂ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ.