ದಸರೆಗೆ ಮೈಸೂರಿನಲ್ಲಿ ರೂಮು ಹಿಡಿಯುವವರೇ, "ನಮ್ಮದೇ ಇನ್ನೊಂದು ಹೋಟೆಲ್ ಇದೆ" ಅಂದರೆ ಒಪ್ಪಬೇಡಿ

ದಸರೆಗೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಮೈಸೂರಿಗೆ ಹೊರಡುವ ಯೋಚನೆ ಇದ್ದವರು ದಯವಿಟ್ಟು ಇದನ್ನು ಓದಿ, ಆಮೇಲೆ ರೂಮು ಬುಕ್ ಮಾಡಿ. ಊರ ನಡುವೆ, ಅರಮನೆಗೆ ನಡೆದು ಹೋಗುವಷ್ಟು ಹತ್ತಿರ, ಕಡಿಮೆ ದರಕ್ಕೆ ಐದು ರೂಮು ಕೊಡುತ್ತೇವೆ ಎಂದು ಫೋನಿನಲ್ಲಿ ಒಪ್ಪಿ, ಮುಂಗಡ ಇಸಕೊಂಡು, ಹೋದ ದಿನ ಅರ್ಧಕ್ಕಿಂತ ಹೆಚ್ಚು ಜನರನ್ನು ಊರಾಚೆಗೆ ಸಾಗಹಾಕಿದರು. 2025ರ ದಸರೆಯಲ್ಲಿ ನಮ್ಮ ಹದಿನಾಲ್ಕು ಜನಕ್ಕೆ ಆದದ್ದು ಇದು. ನಮ್ಮಲ್ಲಿ ನಾಲ್ವರು ಎಪ್ಪತ್ತು ದಾಟಿದವರು.

ಊರ ನಡುವೆಯೇ ರೂಮು ಬೇಕೆಂದು ನಾವು ಹಟ ಹಿಡಿದಿದ್ದಕ್ಕೆ ಕಾರಣವಿತ್ತು. ವಿಜಯದಶಮಿಯ ದಿನ ಜಂಬೂ ಸವಾರಿ ಅರಮನೆಯ ಬಲರಾಮ ದ್ವಾರದಿಂದ ಹೊರಟು ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆ ಹಾಯ್ದು ಬನ್ನಿಮಂಟಪಕ್ಕೆ ಹೋಗುತ್ತದೆ, ಸುಮಾರು ಐದು ಕಿಲೋಮೀಟರ್. ಅವತ್ತು ಅರಮನೆ ಸುತ್ತಲಿನ ರಸ್ತೆಗಳಿಗೆ ವಾಹನ ಬಿಡುವುದಿಲ್ಲ. ಆಟೊ ಬ್ಯಾರಿಕೇಡಿನವರೆಗೆ ಮಾತ್ರ, ಅಲ್ಲಿಂದ ಮುಂದೆ ನಡಿಗೆಯೇ. ದೊಡ್ಡಪ್ಪನಿಗೆ ಮಂಡಿನೋವು. ಧನ್ವಂತರಿ ರಸ್ತೆಯಲ್ಲೋ ಗಾಂಧಿ ಚೌಕದ ಆಸುಪಾಸಿನಲ್ಲೋ ಇದ್ದರೆ ಸಯ್ಯಾಜಿರಾವ್ ರಸ್ತೆ ಕಾಲಳತೆಯಲ್ಲಿರುತ್ತದೆ, ಸುಸ್ತಾದವರು ವಾಪಸ್ ಬಂದು ಮಲಗಬಹುದು. ಹಿರಿಯರಿರುವ ಗುಂಪಿಗೆ ಹೋಟೆಲಿನ ಜಾಗವೇ ಮುಖ್ಯ. ಟಿವಿ, ಎಸಿ ಎಲ್ಲ ಆಮೇಲಿನ ಮಾತು.

ಆ್ಯಪಿನಲ್ಲಿ ದರ ನೋಡಿ ಹೋಟೆಲಿಗೇ ಫೋನ್ ಮಾಡಿದೆ. "ಮೇಡಂ, ಆ್ಯಪಲ್ಲಿ ಮಾಡಬೇಡಿ, ನಮಗೇ ನೇರ ಹಾಕಿ, ರೂಮಿಗೆ ಇನ್ನೂರು ಕಡಿಮೆ ಮಾಡ್ತೀನಿ" ಅಂದರು. ಐದು ರೂಮು, ಎರಡು ರಾತ್ರಿ, ಎರಡು ರೂಮು ಕೆಳಗಿನ ಮಹಡಿಯಲ್ಲೇ ಬೇಕು ಎಂದೆ. ಎಲ್ಲದಕ್ಕೂ ಆಯ್ತು ಆಯ್ತು. ಅರ್ಧ ದುಡ್ಡು ಯುಪಿಐನಲ್ಲಿ ಕಳಿಸಿದ ಮೇಲೆ ವಾಟ್ಸಾಪಿಗೆ ಬಂದದ್ದು "ಬುಕಿಂಗ್ ಕನ್ಫರ್ಮ್" ಎಂಬ ಎರಡು ಪದ, ಒಂದು ಕೈಮುಗಿದ ಚಿತ್ರ. ರೂಮು ಎಷ್ಟು, ಯಾವ ಕಟ್ಟಡ, ಒಂದಕ್ಕೆ ಎಷ್ಟು ದರ, ಯಾವುದೂ ಅದರಲ್ಲಿಲ್ಲ. ದುಡ್ಡು ಹೋದ ಖಾತೆಯೂ ಹೋಟೆಲಿನ ಹೆಸರಿನಲ್ಲಿರಲಿಲ್ಲ, ಒಬ್ಬ ವ್ಯಕ್ತಿಯ ಹೆಸರಿನಲ್ಲಿತ್ತು. ಈ ಎರಡು ಗುರುತು ಕಂಡರೆ ನೀವು ಅಲ್ಲಿಗೇ ನಿಲ್ಲಿಸಿ.

ಆಯುಧಪೂಜೆಯ ದಿನ ಬೆಳಿಗ್ಗೆ ತಾಳಗುಪ್ಪ ರೈಲಿನಿಂದ ಇಳಿದು ಹೋಟೆಲಿಗೆ ಹೋದೆವು. ಹನ್ನೆರಡಕ್ಕೆ ಚೆಕ್ ಇನ್, ಕೂತಿರಿ ಎಂದರು. ಅದು ಸರಿ, ಅದಕ್ಕೆ ನಮ್ಮ ತಕರಾರಿಲ್ಲ. ಹಿರಿಯರು ಲಾಬಿಯ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂತು ತೂಕಡಿಸಿದರು. ಹನ್ನೆರಡಾದ ಮೇಲೆ ಕೌಂಟರಿನವರು ಕೊಟ್ಟದ್ದು ಎರಡೇ ಕೀ. "ಇಲ್ಲಿ ಎರಡು ರೂಮು ಸಾರ್, ಮೂರು ರೂಮು ಪಕ್ಕದಲ್ಲೇ ನಮ್ಮದೇ ಇನ್ನೊಂದು ಹೋಟೆಲ್ ಇದೆ, ಅಲ್ಲಿ. ಹೊಸ ಬಿಲ್ಡಿಂಗು, ಇದಕ್ಕಿಂತ ಚೆನ್ನಾಗಿದೆ" ಎಂದು ಭಾವನಿಗೆ ಹೇಳಿದರು. ಪಕ್ಕದಲ್ಲಿ ಅಂದರೆ ಎಲ್ಲಿ ಎಂದು ಕೇಳಿದರೆ ಹಿನಕಲ್ ಕಡೆ, ರಿಂಗ್ ರೋಡ್ ಹತ್ತಿರ! ಅರಮನೆಯಿಂದ ಆರು ಕಿಲೋಮೀಟರ್ ಆದರೂ ಇದೆ. ನಾವು ಅಲ್ಲೇ ನಿಂತು ವಾದ ಮಾಡುತ್ತಿರುವಾಗಲೇ ಇನ್ನೊಂದು ಕುಟುಂಬ ಬಂತು. ಮುಂಚೆ ಬುಕ್ ಮಾಡಿದವರಲ್ಲ. ನಮಗೆ ಹೇಳಿದ್ದ ದರದ ಎರಡು ಪಟ್ಟಿಗಿಂತ ಹೆಚ್ಚು ಕೊಟ್ಟು, ನಮ್ಮ ಕಣ್ಣೆದುರೇ ಕೀ ಇಸಕೊಂಡು ಮೇಲೆ ಹೋದರು. ರೂಮು ಇರಲಿಲ್ಲ ಅನ್ನುವ ಮಾತು ಅಲ್ಲಿಗೆ ಸುಳ್ಳಾಯಿತು.

ಆ ಹೊತ್ತಿನಲ್ಲಿ ನಮಗಿದ್ದ ದಾರಿ ಏನು? ಸುತ್ತಲಿನ ಲಾಡ್ಜುಗಳಿಗೆಲ್ಲ ಅಣ್ಣನೂ ಭಾವನೂ ಅಲೆದು ಬಂದರು, ಹಬ್ಬದ ಮುನ್ನಾದಿನ ಒಂದು ರೂಮೂ ಇಲ್ಲ. ಇದು ಅವರಿಗೂ ಗೊತ್ತು, ಅದಕ್ಕೇ ಅಷ್ಟು ಧೈರ್ಯ. ಒಂಟಿಯಾಗಿ ಬಂದವನು ಚೀಲ ಹೆಗಲಿಗೆ ಹಾಕಿಕೊಂಡು ಎದ್ದು ಹೋದಾನು. ಹದಿನಾಲ್ಕು ಜನ, ನಡೆಯಲಾರದ ಹಿರಿಯರು, ಹಸಿದ ಮಕ್ಕಳು ಇರುವ ಗುಂಪು ಎಲ್ಲಿಗೂ ಹೋಗುವುದಿಲ್ಲ, ಕೊಟ್ಟದ್ದನ್ನು ತೆಗೆದುಕೊಳ್ಳುತ್ತದೆ. ಗುಂಪಿನ ಬುಕಿಂಗಿನಲ್ಲಿ ಮೋಸ ಮಾಡುವುದು ಸುಲಭವಾಗುವುದು ಇಲ್ಲೇ.

ಒಂಬತ್ತು ಜನ ಹಿನಕಲ್ ಕಡೆಗೆ ಹೋದರು. ಗಡಿಬಿಡಿಯಲ್ಲಿ ದೊಡ್ಡಪ್ಪನ ಬಿ.ಪಿ. ಮಾತ್ರೆ ಇದ್ದ ಚೀಲ ಅತ್ತ, ದೊಡ್ಡಪ್ಪ ಇತ್ತ. ಮಾರನೇ ದಿನ ಅತ್ತಲಿನವರು ಮಧ್ಯಾಹ್ನ ಊಟ ಮುಗಿಸಿ ಹೊರಟರೂ ಆಟೊ ದೂರದಲ್ಲೇ ನಿಂತಿತು. ಚಿಕ್ಕಮ್ಮ ಆ ಜನಜಂಗುಳಿಯಲ್ಲಿ ಅಷ್ಟು ದೂರ ನಡೆಯಲಾರದೆ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಚಿನ್ನದ ಅಂಬಾರಿಯನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂದು ವರ್ಷಗಳಿಂದ ಹೇಳುತ್ತಿದ್ದವರು ಅವರೇ. ಅದನ್ನು ಅವರು ಮಕ್ಕಳ ಫೋನಿನಲ್ಲಿ ನೋಡಿದರು. ನನಗೆ ದುಡ್ಡಿಗಿಂತ ಹೆಚ್ಚು ಸಂಕಟವಾದದ್ದು ಇದಕ್ಕೆ.

ಬಿಲ್ಲಿನ ಕತೆಯನ್ನೂ ಹೇಳಬೇಕು. ಎರಡೇ ರೂಮಿನಲ್ಲಿ ಐದು ಜನ ಇದ್ದದ್ದಕ್ಕೆ ಎಕ್ಸ್‌ಟ್ರಾ ಬೆಡ್ ಎಂದು ಬೇರೆ ದುಡ್ಡು ಹಾಕಿದ್ದರು. ಅದರ ಮೇಲೆ ಜಿಎಸ್‌ಟಿ 12%. ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ 5%ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ರಿಂದ, ಅಂದರೆ ಆ ವರ್ಷದ ದಸರೆ ಶುರುವಾದ ದಿನವೇ. ಬ್ಯಾಂಕಿನಲ್ಲಿರುವ ಅತ್ತಿಗೆ ಅದನ್ನು ಹಿಡಿದರು. ಜಿಎಸ್‌ಟಿ ನಂಬರ್ ಇರುವ ಪಕ್ಕಾ ಬಿಲ್ ಕೊಡಿ ಎಂದು ಪಟ್ಟು ಹಿಡಿದ ಮೇಲೆ ಕೌಂಟರಿನಲ್ಲಿ ದನಿ ಬದಲಾಯಿತು. ತೆರಿಗೆಯ ವ್ಯತ್ಯಾಸವನ್ನೂ ಬೆಡ್ಡಿನ ದುಡ್ಡನ್ನೂ ಬಿಟ್ಟರು. ಊರಾಚೆಯ ಮೂರು ರೂಮಿಗೆ ಮಾತ್ರ ಊರ ನಡುವಿನ ದರವನ್ನೇ ಬಿಡದೆ ವಸೂಲು ಮಾಡಿದರು. ಆ ಬಿಲ್ಲನ್ನೂ ವಾಟ್ಸಾಪ್ ಮಾತುಕತೆಯನ್ನೂ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. 2019ರ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಮೈಸೂರಿಗೆ ಅಲೆಯಬೇಕಿಲ್ಲ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಬೇರೆ ಊರಿನವರು, ಜಗಳಕ್ಕೆ ಮತ್ತೆ ಬರುವುದಿಲ್ಲ ಎಂದು ಎಣಿಸುವವರಿಗೆ ಇದು ಗೊತ್ತಾಗಲಿ.

ನೀವು ಬುಕ್ ಮಾಡುವಾಗ ಹೋಟೆಲಿನವರಿಂದಲೇ ಬರೆಸಿಕೊಳ್ಳಿ: ಐದು ರೂಮೂ ಇದೇ ವಿಳಾಸದ ಇದೇ ಕಟ್ಟಡದಲ್ಲಿ, ತೆರಿಗೆ ಸೇರಿ ಒಂದಕ್ಕೆ ಇಷ್ಟು, ರೂಮಿಗೆ ಇಷ್ಟು ಜನ, ಕೊಡಲಾಗದಿದ್ದರೆ ಪೂರ್ತಿ ಹಣ ವಾಪಸ್. ಇಷ್ಟು ಬರೆದು ಕಳಿಸಲು ಹಿಂದೆಮುಂದೆ ನೋಡುವ ಹೋಟೆಲಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಹೊರಡುವ ಹಿಂದಿನ ದಿನ ಮತ್ತೆ ಫೋನ್ ಮಾಡಿ ರೂಮ್ ನಂಬರ್ ಕೇಳಿ. "ಅರಮನೆಗೆ ಐದು ನಿಮಿಷ" ಅನ್ನುವುದನ್ನು ನಂಬದೆ ಮ್ಯಾಪಿನಲ್ಲಿ ಕೆ.ಆರ್. ವೃತ್ತದಿಂದ ನಡಿಗೆಯ ದಾರಿ ಹಾಕಿ ನೋಡಿ, ಅರಮನೆಯ ಯಾವ ದ್ವಾರದಿಂದ ಅಳೆಯುತ್ತೀರಿ ಎನ್ನುವುದರ ಮೇಲೆಯೇ ಬಹಳ ವ್ಯತ್ಯಾಸ ಬರುತ್ತದೆ. ಆಧಾರ್ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ಕೊಡಿ. ದುಡ್ಡು ಕಳಿಸಿದ ಮೇಲೆ ಫೋನೇ ಎತ್ತದಿದ್ದರೆ, ಹೋಟೆಲೇ ಇಲ್ಲದಿದ್ದರೆ, ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇನ್ನೊಂದು ಮಾತು. ಹಿರಿಯರಿಗೆ ಬೇಕಾದದ್ದು ದೀಪಾಲಂಕಾರವಾದರೆ ವಿಜಯದಶಮಿಯ ನೂಕುನುಗ್ಗಲಿಗೇ ಹೋಗಬೇಕೆಂದಿಲ್ಲ. ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ದಸರೆಯ ಎಲ್ಲ ಸಂಜೆಯೂ ಉರಿಯುತ್ತವೆ, ಉಳಿದಂತೆ ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆಯೂ. ದಸರೆಯ ಮೊದಲ ನಾಲ್ಕೈದು ದಿನಗಳಲ್ಲಿ ಜನ ಕಡಿಮೆ, ರೂಮಿನ ದರವೂ ಇಳಿದಿರುತ್ತದೆ, ವಸ್ತುಪ್ರದರ್ಶನವನ್ನೂ ನಿಧಾನವಾಗಿ ನೋಡಬಹುದು. ಅಂಬಾರಿಯನ್ನೇ ನೋಡಬೇಕು ಎನ್ನುವವರು ಮಾತ್ರ ಊರ ನಡುವಿನ ರೂಮನ್ನು ಎರಡು ಮೂರು ತಿಂಗಳು ಮುಂಚೆ ಹಿಡಿಯಿರಿ, ಮೈಸೂರಿನಲ್ಲಿ ಪರಿಚಯದವರಿದ್ದರೆ ಅವರನ್ನು ಒಮ್ಮೆ ಹೋಟೆಲಿಗೆ ಕಳಿಸಿ ಕಟ್ಟಡ ನೋಡಿ ಬರಲು ಹೇಳಿ, ಮುಂಗಡವನ್ನು ಅವರ ಕೈಯಲ್ಲೇ ಕೊಡಿಸಿ ರಸೀದಿ ತೆಗೆದುಕೊಳ್ಳಿ.